ಊರ ಪಕ್ಕದ ಹೊಸ ಅಪಾರ್ಟ್‌ಮೆಂಟ್: ಅಭಿಪ್ರಾಯ ಕೇಳುವ ಸಭೆಗೆ ಹೋಗಬೇಕೇ?

ನಿಮ್ಮ ಪ್ರಶ್ನೆ ಇದು: ಊರ ಪಕ್ಕದ ಜಮೀನಿನಲ್ಲಿ 300 ಮನೆಗಳ ಅಪಾರ್ಟ್‌ಮೆಂಟ್ ಬರಲಿದೆ, ಕಟ್ಟುವವರು ಇನ್ನು ಎರಡು ವಾರಕ್ಕೆ ಊರಿನವರ ಅಭಿಪ್ರಾಯ ಕೇಳುವ ಸಭೆ ಇಟ್ಟಿದ್ದಾರೆ, ಹೋದರೆ ಪ್ರಯೋಜನ ಇದೆಯೇ, ಏನು ಕೇಳಬೇಕು?

ಖಂಡಿತ ಹೋಗಿ. ಆದರೆ ಆ ಒಂದು ದಿನ ಹೋದರೆ ಸಾಲದು, ಅದಕ್ಕೆ ಮುಂಚಿನ ಕೆಲಸವೇ ಜಾಸ್ತಿ. ನಾನು ಬೆಂಗಳೂರು ಗ್ರಾಮಾಂತರದ ಒಂದು ಗ್ರಾಮ ಪಂಚಾಯ್ತಿಯಲ್ಲಿ ಎರಡು ಅವಧಿಗೆ ಸದಸ್ಯೆಯಾಗಿದ್ದೆ. ಇಂಥ ಸಭೆಗಳನ್ನು ಎರಡು ಸಲ ಕಂಡಿದ್ದೇನೆ. ಮೊದಲನೆಯದರಲ್ಲಿ ಊರು ಸೋತಿತು. ಎರಡನೆಯದರಲ್ಲಿ ಒಂದಿಷ್ಟು ಉಳಿಸಿಕೊಂಡೆವು.

ಮೊದಲ ಸಭೆ ನಡೆದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಮುದಾಯ ಭವನದಲ್ಲಿ. ಆ ಹೊತ್ತಿಗೆ ಹೆಣ್ಣುಮಕ್ಕಳೆಲ್ಲ ಗಾರ್ಮೆಂಟ್ಸ್ ಬಸ್ ಹತ್ತಿ ಹೋಗಿರುತ್ತಾರೆ, ತರಕಾರಿ ಬೆಳೆಯುವವರು ಮಾರುಕಟ್ಟೆಯಿಂದ ಇನ್ನೂ ವಾಪಸ್ ಬಂದಿರುವುದಿಲ್ಲ. ಬಂದವರು ನಲವತ್ತು ಜನ. ಗೋಡೆಯ ಮೇಲೆ ಕಟ್ಟಡದ ಬಣ್ಣದ ಚಿತ್ರ ತೋರಿಸಿದರು, ವಿವರಣೆ ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿತ್ತು. ನಮ್ಮವರು ಕೇಳಿದ್ದು ಎರಡೇ: ಹುಡುಗರಿಗೆ ಕೆಲಸ ಕೊಡ್ತೀರಾ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಏನು ಮಾಡ್ತೀರಾ. ಎರಡಕ್ಕೂ ಹೂಂ ಅಂದರು. ಹಾಜರಿ ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಿ ಬಂದೆವು, ನಾನೂ ಹಾಕಿದೆ. ಮುಂದೆ ಯಾರಾದರೂ ತಕರಾರು ತೆಗೆದಾಗೆಲ್ಲ ಊರಿನವರು ಒಪ್ಪಿದ್ದಾರೆ ಅನ್ನುವುದಕ್ಕೆ ಅದೇ ಹಾಳೆ ತೋರಿಸಿದರು.

ಎರಡನೇ ವರ್ಷದ ಮುಂಗಾರಿನಲ್ಲಿ ಅವರ ಕಾಂಪೌಂಡ್ ಗೋಡೆಗೆ ನೀರು ಬಂದು ನಿಂತಿತು. ಗೋಡೆ ಎದ್ದದ್ದು ಮೇಲಿನ ಕೆರೆಯ ಕೋಡಿ ನೀರು ಹರಿಯುವ ಕಾಲುವೆಗೆ ಅಡ್ಡವಾಗಿ. ಏಳೆಂಟು ವರ್ಷ ಕೋಡಿ ಬಿದ್ದಿರಲಿಲ್ಲ, ಲಂಟಾನ ಬೆಳೆದು ಕಾಲುವೆ ಮುಚ್ಚಿಹೋಗಿತ್ತು, ಅಳೆಯಲು ಬಂದವರ ಕಣ್ಣಿಗೆ ಅದು ಬರೀ ತಗ್ಗು. ನೀರು ಪಕ್ಕಕ್ಕೆ ತಿರುಗಿ ಕೆಳಗಿನ ಕಾಲೋನಿಗೆ ನುಗ್ಗಿತು. ರಾತ್ರಿ ಮಕ್ಕಳನ್ನು ಶಾಲೆಗೆ ಸಾಗಿಸಿದೆವು. ಊರಲ್ಲಿ ನೀರುಗಂಟಿ ಮನೆತನದ ತಾತ ಒಬ್ಬರಿದ್ದರು. ತಲೆಮಾರಿನಿಂದ ತೂಬು ಎತ್ತಿ ಗದ್ದೆಗೆ ನೀರು ಹಂಚಿದ ಮನೆ ಅದು. "ನಂಗೆ ಗೊತ್ತಿತ್ತು ಕಣವ್ವ, ಅಲ್ಲಿ ನೀರು ಬರ್ತದೆ ಅಂತ. ಯಾರೂ ಕೇಳ್ನಿಲ್ಲವಲ್ಲ" ಅಂದರು. ಸಭೆಗೆ ಅವರನ್ನು ಕರೆಯಬೇಕು ಎಂದು ನನಗೇ ಹೊಳೆದಿರಲಿಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ನೀವು ಮೊದಲು ತಿಳಿಯಬೇಕಾದ್ದು, ನಿಮ್ಮನ್ನು ಕರೆದಿರುವ ಸಭೆ ಕಾನೂನು ಕಡ್ಡಾಯ ಮಾಡಿದ ಸಭೆ ಅಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. 300 ಮನೆ ಅಂದರೆ ಬಹುಮಟ್ಟಿಗೆ ದಾಟಿಯೇ ಇರುತ್ತದೆ. ಆದರೆ ಗಣಿಗೋ ಕಾರ್ಖಾನೆಗೋ ಇರುವ ಸಾರ್ವಜನಿಕ ವಿಚಾರಣೆಯಿಂದ ಕಟ್ಟಡಗಳಿಗೆ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಸಾವಿರಾರು ಜನರ ಹೊಸ ಊರೇ ಪಕ್ಕದಲ್ಲಿ ಏಳುವಾಗ ಹಳೇ ಊರನ್ನು ಕೇಳಬೇಕಿಲ್ಲ ಅನ್ನುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಕಾನೂನಿನ ಸಭೆ ಅಲ್ಲದ್ದರಿಂದ ಅಲ್ಲಿ ಬಾಯಲ್ಲಿ ಆಡಿದ ಮಾತಿಗೆ ಲೆಕ್ಕವಿಲ್ಲ. ಬರೆದು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡದ್ದಷ್ಟೇ ಉಳಿಯುತ್ತದೆ. ಹಾಜರಿ ಹಾಳೆಯಲ್ಲಿ ಸಹಿಯ ಪಕ್ಕ "ಹಾಜರಿಗೆ ಮಾತ್ರ, ಒಪ್ಪಿಗೆ ಅಲ್ಲ" ಎಂದು ಬರೆಯಿರಿ. ಊರಿನವರಿಗೆಲ್ಲ ಇದನ್ನು ಮೊದಲೇ ಹೇಳಿಡಿ.

ಕಾನೂನು ಬಾಗಿಲು ತೆರೆದಿರುವುದು ಬೇರೆ ಕಡೆ. ಆ ಜಮೀನು ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಕೃಷಿ ವಲಯದಲ್ಲಿದ್ದು ವಸತಿಗೆ ಬದಲಾಗಬೇಕಿದ್ದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಒಳಪುಟದಲ್ಲಿ ಬೆರಳಗಲ ಇರುತ್ತದೆ, ಸರ್ವೆ ನಂಬರ್ ಹಿಡಿದು ಹುಡುಕಿ. ಪರಿಸರ ಅನುಮತಿಗೆ ಅರ್ಜಿ ಹಾಕಿದ್ದರೆ ಅದರ ವಿವರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತದೆ. ಮಾಹಿತಿ ಹಕ್ಕಿನಡಿ ಯೋಜನಾ ಪ್ರಾಧಿಕಾರಕ್ಕೆ 10 ರೂಪಾಯಿ ಕಟ್ಟಿ ಒಂದು ಅರ್ಜಿಯನ್ನೂ ಹಾಕಿ. ಉತ್ತರಕ್ಕೆ 30 ದಿನದ ಗಡುವು ಇರುವುದರಿಂದ ನಿಮ್ಮ ಸಭೆಯೊಳಗೆ ಬರಲಿಕ್ಕಿಲ್ಲ, ಆದರೂ ಮುಂದಕ್ಕೆ ಬೇಕಾಗುತ್ತದೆ.

ಎರಡನೇ ಯೋಜನೆ ಬಂದಾಗ ನಾವು ಅವರ ಸಭೆಗೆ ಕಾಯಲಿಲ್ಲ. ಸಂಜೆ ಏಳರ ಮೇಲೆ, ಗಾರ್ಮೆಂಟ್ಸ್ ಬಸ್ ವಾಪಸ್ ಬಂದ ಮೇಲೆ, ವಾರ್ಡ್ ಸಭೆ ಸೇರಿಸಿದೆವು. ಒಂದನ್ನು ಅರಳಿಕಟ್ಟೆಯಲ್ಲಿ, ಇನ್ನೊಂದನ್ನು ಕಾಲೋನಿಯಲ್ಲೇ ಮಾಡಿದೆವು. ಅಲ್ಲಿನವರು ಅರಳಿಕಟ್ಟೆಗೆ ಬಂದರೂ ಬಾಯಿ ಬಿಡುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು, ನೀರು ನುಗ್ಗುವುದು ಅವರ ಮನೆಗೇ. ಆಮೇಲೆ ಗ್ರಾಮ ನಕಾಶೆ ತೆಗೆಸಿ, ನೀರುಗಂಟಿ ತಾತನನ್ನು ಮುಂದಿಟ್ಟುಕೊಂಡು ಇಡೀ ಜಮೀನಿನ ಸುತ್ತ ನಡೆದೆವು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಅಲ್ಲಲ್ಲೇ ಕಾಣುತ್ತಿತ್ತು. ತಾತ ಕೋಲಿನಲ್ಲಿ ತೋರಿಸಿದ ಕಡೆ ನಕಾಶೆಯಲ್ಲೂ ಕಾಲುವೆ ಇತ್ತು. ಪಹಣಿ ನೋಡಿದರೆ ಅಷ್ಟು ಗುಂಟೆ ಬಿ ಖರಾಬು, ಅಂದರೆ ಸಾರ್ವಜನಿಕರದು, ಮಾರಲು ಜಮೀನಿನ ಒಡೆಯರಿಗೆ ಹಕ್ಕಿಲ್ಲ. ಸ್ಮಶಾನಕ್ಕೆ ಹೋಗುವ ಬಂಡಿದಾರಿಯೂ ಹಾಗೇ ಸಿಕ್ಕಿತು. ಎರಡನ್ನೂ ನಕಾಶೆಯ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಫೋಟೊ ಅಂಟಿಸಿ, ಪಂಚಾಯ್ತಿ ನಡಾವಳಿಯಲ್ಲಿ ಬರೆಸಿ, ಕಟ್ಟುವವರಿಗೂ ತಹಶೀಲ್ದಾರರಿಗೂ ಯೋಜನಾ ಪ್ರಾಧಿಕಾರಕ್ಕೂ ಕೊಟ್ಟೆವು. ಅವರ ಎಂಜಿನಿಯರ್ ಬಂದು ತಾತನ ಜೊತೆ ಒಂದು ದಿನ ಪೂರ್ತಿ ನಡೆದರು. ನಕ್ಷೆ ಬದಲಾಯಿತು: ಕಾಲುವೆ ತೆರೆದೇ ಉಳಿಯಿತು, ಅದರ ಮೇಲೆ ಅಗಲವಾದ ಮೋರಿ ಕಟ್ಟಿದರು, ಬಂಡಿದಾರಿ ಗೋಡೆಯ ಹೊರಗೆ ಬಂತು. ಆ ಎಂಜಿನಿಯರ್ ಬಗ್ಗೆ ನನಗೆ ಗೌರವವಿದೆ. ಬೇಡ ಅಂದಿದ್ದರೆ ಬಲವಂತ ಮಾಡುವ ಶಕ್ತಿ ನಮಗೆ ಎಷ್ಟಿತ್ತೋ.

ನೀರಿನ ವಿಷಯದಲ್ಲಿ ಮಾತ್ರ ಆಗಲೂ ಗೆಲ್ಲಲಿಲ್ಲ. ಹಾಗಾಗಿ ಸಭೆಯಲ್ಲಿ ಮೊದಲು ಅದನ್ನೇ ಹಿಡಿಯಿರಿ, ಲೆಕ್ಕ ಕೈಯಲ್ಲಿರಲಿ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ 300 ಮನೆಗೆ ದಿನಕ್ಕೆ ಎರಡು ಲಕ್ಷ ಲೀಟರ್ ಮೇಲಾಗುತ್ತದೆ. 12,000 ಲೀಟರಿನ ಟ್ಯಾಂಕರ್ ಆದರೆ ದಿನಾ ಹದಿನೇಳು. ಜಲ ಜೀವನ್ ಮಿಷನ್ ನಮ್ಮಂಥ ಹಳ್ಳಿಗಳಿಗೆ ಲೆಕ್ಕ ಹಾಕಿರುವುದು ತಲೆಗೆ 55 ಲೀಟರ್. "ಎರಡು ಲಕ್ಷ ಲೀಟರ್ ಎಲ್ಲಿಂದ ತರುತ್ತೀರಿ? ಎಷ್ಟು ಕೊಳವೆಬಾವಿ, ಎಷ್ಟು ಆಳ, ಊರಿನ ಕುಡಿಯುವ ನೀರಿನ ಬಾವಿಯಿಂದ ಎಷ್ಟು ದೂರ?" ಎಂದು ಕೇಳಿ. ಬಂದ ನೀರಿನಲ್ಲಿ ಹೆಚ್ಚಿನ ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ, ಶುದ್ಧೀಕರಣ ಘಟಕ ಕೆಟ್ಟು ನಿಂತ ದಿನ ಅದು ಯಾವ ಕಡೆ ಹರಿಯುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ನಾವು ಇದನ್ನು ಕೇಳಿದಾಗ "ನಿಯಮದಂತೆ ಮಾಡುತ್ತೇವೆ" ಅಂದರು, ನಾವು ಅಲ್ಲಿಗೇ ಬಿಟ್ಟೆವು. ಈಗ ಊರಿನ ಎರಡು ಕೊಳವೆಬಾವಿ ಬತ್ತಿವೆ. ಅವರಿಂದಲೇ ಬತ್ತಿದವು ಎಂದು ಸಾಧಿಸಲು ನನ್ನ ಹತ್ತಿರ ಏನೂ ಇಲ್ಲ, ಯಾಕೆಂದರೆ ಕೆಲಸ ಶುರುವಾಗುವ ಮುಂಚೆ ನೀರಿನ ಮಟ್ಟ ಅಳೆದು ಬರೆದಿಡಲಿಲ್ಲ. ನೀವು ಅಳೆದಿಡಿ.

ಕೆಲಸ, ದೇಣಿಗೆಯ ಮಾತು ಬಂದೇ ಬರುತ್ತದೆ. ಕೇಳುವವರನ್ನು ತಡೆಯಬೇಡಿ, ಅದು ಅವರ ಹೊಟ್ಟೆಪಾಡು. ನೀರು, ದಾರಿ, ಕಾಲುವೆ ಮುಗಿದ ಮೇಲೆ ಅದು ಬರಲಿ ಅಷ್ಟೆ.

ಎರಡು ವಾರ ಸಾಕು. ಈ ಭಾನುವಾರವೇ ನಕಾಶೆ ಹಿಡಿದು ಒಂದು ಸುತ್ತು ಬನ್ನಿ. ನಿಮ್ಮೂರಲ್ಲಿ ನೀರುಗಂಟಿ ಮನೆ ಯಾವುದು ಅಂತ ಕೇಳಿ, ಅವರನ್ನು ಜೊತೆಗೆ ಕರೆದುಕೊಳ್ಳಿ.