ನಮ್ಮ ಸಾಫ್ಟ್‌ವೇರ್ ಬಳಸುವವರಿಗೆ ಮೇಲಿಂಗ್ ಲಿಸ್ಟ್ ಮಾಡೋದಾ, ಫೋರಂ ಮಾಡೋದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಮೂವರು ಸೇರಿ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಮಾಡಿದ್ದೀರಿ. ಬಳಸುವವರು ಸುಮಾರು 400 ಜನ. ಇಲ್ಲಿಯವರೆಗೆ ಎಲ್ಲರೂ ನಿಮಗೇ ನೇರವಾಗಿ ಮೇಲ್ ಮಾಡುತ್ತಿದ್ದರು. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಬರೆದು ಸಾಕಾಗಿಹೋಗಿದೆ. ಒಬ್ಬ ಗೆಳೆಯರು ಮೇಲಿಂಗ್ ಲಿಸ್ಟ್ ಅನ್ನುತ್ತಾರೆ, ಇನ್ನೊಬ್ಬರು ಫೋರಂ (ಪ್ರಶ್ನೆ, ಉತ್ತರ ಎಲ್ಲರಿಗೂ ಕಾಣುವ ಹಾಗೆ ಬರೆಯುವ ವೆಬ್‌ಸೈಟ್) ಅನ್ನುತ್ತಾರೆ, ನೀವು ನಡುವೆ ಸಿಕ್ಕಿಬಿದ್ದಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ: ಫೋರಂ ಮಾಡಿ. ಆದರೆ ಉತ್ತರ ಕೊಡುವವರು ಅದನ್ನು ಮೇಲ್‌ನಲ್ಲೇ ಓದಿ, ಮೇಲ್‌ನಲ್ಲೇ ಉತ್ತರಿಸುವ ಹಾಗೆ ಇಟ್ಟುಕೊಳ್ಳಿ. ಈ ಎರಡನೇ ಮಾತನ್ನು ಕಲಿಯಲು ನಾನು ಹೆಚ್ಚುಕಡಿಮೆ ಅರ್ಧ ವರ್ಷ ಹಾಳುಮಾಡಿಕೊಂಡೆ.

ಸ್ಕ್ಯಾನ್ ಮಾಡಿದ ಪುಟಗಳನ್ನು ಸರಿಪಡಿಸಿ ಪಿಡಿಎಫ್ ಮಾಡುವ ಒಂದು ಸಣ್ಣ ಸಾಫ್ಟ್‌ವೇರ್ ಇದೆ. ಅದರ ಮೇಲಿಂಗ್ ಲಿಸ್ಟನ್ನು ನಾನು ಎಂಟು ವರ್ಷ ನೋಡಿಕೊಂಡೆ. ಮೇಲ್‌ಮನ್ ಅನ್ನುವ ಸಾಫ್ಟ್‌ವೇರ್, ಒಂದು ಹಳೇ ಸರ್ವರ್, ಸುಮಾರು 600 ವಿಳಾಸ, ಅಷ್ಟೇ. ಒಂದು ವಿಳಾಸಕ್ಕೆ ಬರೆದರೆ ಎಲ್ಲರಿಗೂ ಹೋಗುತ್ತದೆ. ಈ ಉಪಾಯ ವೆಬ್‌ಗಿಂತ ಹಳೆಯದು. ಇಂಟರ್ನೆಟ್‌ಗೆ ಮುಂಚಿನ ಆರ್ಪಾನೆಟ್ ಅನ್ನುವ ನೆಟ್‌ವರ್ಕ್‌ನಲ್ಲಿ 1975ರಲ್ಲೇ ಮೇಲಿಂಗ್ ಲಿಸ್ಟ್ ಇತ್ತು. 1986ರಲ್ಲಿ ಎರಿಕ್ ಥಾಮಸ್ ಬರೆದ ಲಿಸ್ಟ್‌ಸರ್ವ್ ಅನ್ನುವ ಸಾಫ್ಟ್‌ವೇರ್ ಬಂದಮೇಲೆ ಸೇರಿಸುವ, ತೆಗೆಯುವ ಕೆಲಸವೆಲ್ಲ ತಾನಾಗಿಯೇ ಆಗತೊಡಗಿತು. ಇಷ್ಟು ವರ್ಷ ಬಾಳಿದೆ ಅಂದಮೇಲೆ ಅದರಲ್ಲಿ ಏನೋ ಇದೆ, ಅಲ್ವಾ?

ಇರುವುದು ಇದು: ಪ್ರಶ್ನೆ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ನಮ್ಮ ಲಿಸ್ಟ್‌ನಲ್ಲಿ ಒಬ್ಬ ಮೇಡಂ ಇದ್ದರು. ಪ್ರೋಗ್ರಾಮರ್ ಅಲ್ಲ, ಲೈಬ್ರರಿಯಲ್ಲಿ ಹಳೆಯ ಪುಸ್ತಕ ಸ್ಕ್ಯಾನ್ ಮಾಡುವ ಕೆಲಸ. ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆ ಮೇಲ್ ನೋಡುವಾಗ ಎರಡೋ ಮೂರೋ ಪ್ರಶ್ನೆಗೆ ಉತ್ತರ ಬರೆದೇ ಬರೆಯುತ್ತಿದ್ದರು. ಅವರ ಉತ್ತರದ ಮೊದಲ ಸಾಲು ಯಾವಾಗಲೂ ಒಂದೇ: ‘ಎಷ್ಟು ಡಿಪಿಐಗೆ ಸ್ಕ್ಯಾನ್ ಮಾಡಿದ್ದೀರಿ?’ ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಅರ್ಧಕ್ಕರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಸಾಫ್ಟ್‌ವೇರ್ ಬರೆದ ನನಗಿಂತ ಅವರ ಉತ್ತರ ಚೆನ್ನಾಗಿರುತ್ತಿತ್ತು, ಯಾಕೆಂದರೆ ಅವರು ಅದನ್ನು ದಿನಾ ಬಳಸುತ್ತಿದ್ದರು. ಇಂಥ ಐದಾರು ಜನರಿಂದಲೇ ಲಿಸ್ಟ್ ನಡೆಯುತ್ತಿತ್ತು. ಉಳಿದವರು ಬರುತ್ತಿದ್ದರು, ಕೇಳುತ್ತಿದ್ದರು, ಹೋಗುತ್ತಿದ್ದರು.

ಆ ಬಂದುಹೋಗುವವರಿಗೆ ಮಾತ್ರ ಲಿಸ್ಟ್ ಅಂದರೆ ಹಿಂಸೆ. ಒಂದೇ ಒಂದು ಪ್ರಶ್ನೆ ಕೇಳಲು ಒಬ್ಬ ಲಿಸ್ಟ್ ಸೇರುತ್ತಾನೆ. ಮಾರನೇ ದಿನ ಅವನ ಇನ್‌ಬಾಕ್ಸ್‌ಗೆ ಸಂಬಂಧವೇ ಇಲ್ಲದ 25 ಮೇಲ್. ಗಾಬರಿಯಾಗಿ ‘ದಯವಿಟ್ಟು ನನ್ನನ್ನು ತೆಗೆಯಿರಿ’ ಅಂತ ಎಲ್ಲರಿಗೂ ಬರೆಯುತ್ತಾನೆ. ಹೇಗೆ ಬಿಡುವುದು ಅಂತ ಒಬ್ಬರು ಎಲ್ಲರಿಗೂ ಉತ್ತರಿಸುತ್ತಾರೆ. ಅದನ್ನು ನೋಡಿ ಇನ್ನಿಬ್ಬರು ‘ನನ್ನನ್ನೂ’ ಅನ್ನುತ್ತಾರೆ. ಒಬ್ಬರ ರಜೆಯ ಆಟೋ ರಿಪ್ಲೈ ನಡುವೆ ತೂರಿಕೊಳ್ಳುತ್ತದೆ. ಹೀಗೆ ಒಂದು ಮಧ್ಯಾಹ್ನ ನಮ್ಮಲ್ಲಿ 31 ಮೇಲ್ ಓಡಾಡಿದವು. ಪ್ರತಿ ಮೇಲ್‌ನ ಕೆಳಗೂ ಬಿಡುವ ಲಿಂಕ್ ಇತ್ತು ಅನ್ನುವುದು ಬೇರೆ ಮಾತು.

ಇದಾದರೂ ನಗುವ ವಿಷಯ. ನಗಲಾಗದ್ದು ಇನ್ನೊಂದಿದೆ. ಒಬ್ಬ ಹುಡುಗ ಎರರ್ ಬರುತ್ತಿದೆ ಅಂತ ತನ್ನ ಲಾಗ್ ಫೈಲ್ (ಸಾಫ್ಟ್‌ವೇರ್ ಏನೇನು ಮಾಡಿತು ಅಂತ ಬರೆದಿಡುವ ಫೈಲ್) ಪೂರ್ತಿ ಅಂಟಿಸಿ ಕಳಿಸಿದ. ಅದರ ನಡುವೆ ಅವನ ಆಫೀಸಿನ ಸರ್ವರ್‌ನ ವಿಳಾಸ, ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಇತ್ತು. ಹತ್ತು ನಿಮಿಷಕ್ಕೆ ಅವನಿಗೆ ಗೊತ್ತಾಗಿ ನನಗೆ ಬರೆದ: ‘ಸಾರ್, ಅದನ್ನು ಡಿಲೀಟ್ ಮಾಡಿ.’ ಹಳೆಯ ಮೇಲ್‌ಗಳನ್ನು ವೆಬ್‌ನಲ್ಲಿ ಕೂಡಿಡುವ ಆರ್ಕೈವ್‌ನಿಂದ ತೆಗೆದೆ. ಆದರೆ ಅಷ್ಟರಲ್ಲಿ ಅದು 600 ಇನ್‌ಬಾಕ್ಸ್‌ಗಳಲ್ಲಿ ಕೂತಾಗಿತ್ತು. ಹೋದ ಮೇಲನ್ನು ವಾಪಸ್ ಕರೆಯಲು ಆಗುವುದಿಲ್ಲ. ಪಾಪ, ರಾತ್ರಿಯೆಲ್ಲ ಪಾಸ್‌ವರ್ಡ್ ಬದಲಿಸುತ್ತ ಕೂತ. ಫೋರಂಗೆ ಬಂದ ಮೇಲೂ ಇಂಥದ್ದೇ ಆಗಿದೆ, ಎರಡು ಸಲ. ಎರಡು ಸಲವೂ ಯಾರೋ ನೋಡಿ ಫ್ಲ್ಯಾಗ್ ಮಾಡಿದರು (‘ಇದು ಇಲ್ಲಿರಬಾರದು’ ಅಂತ ಗುರುತು ಹಾಕಿದರು), ಪೋಸ್ಟ್ ಮರೆಯಾಯಿತು. ಮೇಲ್‌ನಲ್ಲಿ ಓದುವ ಕೆಲವರಿಗೆ ಹೋಗಿರುತ್ತದೆ, ಪಾಸ್‌ವರ್ಡ್ ಬದಲಿಸಲೇಬೇಕು, ಅದು ನಿಜ. ಆದರೂ ಐದಾರು ಜನಕ್ಕೆ ಹೋಗುವುದಕ್ಕೂ 600 ಜನಕ್ಕೆ ಹೋಗುವುದಕ್ಕೂ ವ್ಯತ್ಯಾಸ ಇದೆ.

ಲಿಸ್ಟ್ ನಡೆಸುವವನ ಪಾಡು ಇನ್ನೂ ಬೇರೆ. 2014ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಮೇಲ್ ಕಂಪನಿ ಡಿಮಾರ್ಕ್ ನಿಯಮವನ್ನು ಬಿಗಿ ಮಾಡಿತು. ‘ನಮ್ಮ ವಿಳಾಸ ಹೊತ್ತ ಮೇಲ್ ನಮ್ಮ ಸರ್ವರ್‌ನಿಂದಲೇ ಬಂದಿಲ್ಲವಾದರೆ ಒಳಗೆ ಬಿಡಬೇಡಿ’ ಅಂತ ಬೇರೆ ಸರ್ವರ್‌ಗಳಿಗೆ ಹೇಳಿದ ಹಾಗೆ. ಮೋಸದ ಮೇಲ್ ತಡೆಯಲು ಒಳ್ಳೆಯ ಉಪಾಯವೇ. ಆದರೆ ಮೇಲಿಂಗ್ ಲಿಸ್ಟ್ ಮಾಡುವುದೇ ಅದನ್ನಲ್ಲವೇ? ಬರೆದವರ ಹೆಸರು ಹಾಗೇ ಇಟ್ಟು, ತನ್ನ ಸರ್ವರ್‌ನಿಂದ ಎಲ್ಲರಿಗೂ ಕಳಿಸುತ್ತದೆ. ಆ ಕಂಪನಿಯ ವಿಳಾಸದಿಂದ ಒಬ್ಬರು ಬರೆದರೆ, ಓದಬೇಕಾದವರ ಸರ್ವರ್‌ಗಳು ಮೇಲ್ ತಿರಸ್ಕರಿಸುತ್ತಿದ್ದವು. ತಿರಸ್ಕಾರವಾದದ್ದನ್ನು ಮೇಲ್‌ಮನ್ ಎಣಿಸುತ್ತದೆ. ಕೆಲವು ದಿನ ಹೀಗೇ ಆದರೆ ‘ಈ ವಿಳಾಸ ಕೆಟ್ಟಿದೆ’ ಅಂತ ಅವರಿಗೆ ಮೇಲ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಬರೆದವರಿಗೆ ಏನೂ ಆಗಲಿಲ್ಲ, ಸುಮ್ನೆ ಓದುತ್ತಿದ್ದವರು ಲಿಸ್ಟ್‌ನಿಂದ ಹೊರಗೆ! ನೂರಕ್ಕೂ ಜಾಸ್ತಿ ಜನರನ್ನು ಕೈಯಾರೆ ವಾಪಸ್ ಸೇರಿಸಿದೆ. ಆಮೇಲೆ ಕಳಿಸಿದವರ ವಿಳಾಸದ ಜಾಗದಲ್ಲಿ ಲಿಸ್ಟ್‌ನ ವಿಳಾಸ ಹಾಕುವ ಸೆಟ್ಟಿಂಗ್ ಬಂತು, ತಕ್ಕಮಟ್ಟಿಗೆ ಸರಿಹೋಯಿತು. 2024ರಲ್ಲಿ ಜಿಮೇಲ್ ಮತ್ತು ಯಾಹೂ ಎರಡೂ ಕಳಿಸುವವರ ಮೇಲಿನ ನಿಯಮ ಇನ್ನೂ ಬಿಗಿ ಮಾಡಿವೆ. ಹಾಗಾಗಿ ಇವತ್ತು ಸ್ವಂತ ಸರ್ವರ್‌ನಲ್ಲಿ ಹೊಸ ಲಿಸ್ಟ್ ಶುರುಮಾಡುವವರಿಗೆ ನನ್ನ ಮಾತು: ಮೇಲ್ ಸರ್ವರ್ ಬಗ್ಗೆ ತಿಳಿದವರು ನಿಮ್ಮಲ್ಲಿ ಇಲ್ಲದಿದ್ದರೆ ಬೇಡ.

2018ರಲ್ಲಿ ನಾವು ಡಿಸ್ಕೋರ್ಸ್‌ಗೆ ಬಂದೆವು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟಾಕ್ ಓವರ್‌ಫ್ಲೋ ಶುರುಮಾಡಿದವರಲ್ಲಿ ಒಬ್ಬರಾದ ಜೆಫ್ ಆಟ್‌ವುಡ್ ಮತ್ತು ಗೆಳೆಯರು 2013ರಲ್ಲಿ ಹೊರತಂದ ಫೋರಂ ಸಾಫ್ಟ್‌ವೇರ್ ಅದು, ಓಪನ್ ಸೋರ್ಸ್. ಹೊಸಬರಿಗೆ ಹಬ್ಬ. ಬರೆಯುತ್ತಿರುವಾಗಲೇ ‘ಇಂಥದ್ದೇ ಪ್ರಶ್ನೆ ಮೊದಲೂ ಬಂದಿದೆ ನೋಡಿ’ ಅಂತ ಪಕ್ಕದಲ್ಲಿ ತೋರಿಸುತ್ತದೆ. ಸ್ಕ್ರೀನ್‌ಶಾಟ್ ಎಳೆದು ಹಾಕಬಹುದು. ತಪ್ಪಾಗಿದ್ದರೆ ತಿದ್ದಬಹುದು. ಆರು ತಿಂಗಳಿಗೆ ಪ್ರಶ್ನೆಗಳು ದುಪ್ಪಟ್ಟಾದವು, ನನಗೋ ಖುಷಿ.

ಉತ್ತರಗಳು ಮಾತ್ರ ಅರ್ಧಕ್ಕೆ ಇಳಿದಿದ್ದವು. ಅದು ನನ್ನ ಕಣ್ಣಿಗೆ ಬೀಳಲು ತಡವಾಯಿತು, ಯಾಕೆಂದರೆ ಆ ಖಾಲಿ ಜಾಗವನ್ನು ರಾತ್ರಿ ಕೂತು ನಾನೇ ತುಂಬುತ್ತಿದ್ದೆ. ಒಂದು ದಿನ ಯಾರೋ ಮಸುಕಾದ ಪುಟದ ಬಗ್ಗೆ ಕೇಳಿದ್ದರು. ‘ಎಷ್ಟು ಡಿಪಿಐ’ ಅಂತ ಬರೆಯಲು ಹೊರಟವನಿಗೆ ಥಟ್ಟನೆ ಅನ್ನಿಸಿತು, ಇದು ನನ್ನ ಸಾಲಲ್ಲ, ಮೇಡಂ ಸಾಲು. ಅವರು ಎಲ್ಲಿ? ನೋಡಿದರೆ ಖಾತೆ ಮಾಡಿದ ದಿನ ಬಿಟ್ಟರೆ ಮತ್ತೆ ಲಾಗಿನ್ ಆಗಿಯೇ ಇಲ್ಲ.

ಬೇಜಾರಾಗಿದೆಯೇ ಅಂತ ಕೇಳಿ ಬರೆದೆ. ಅವರ ಉತ್ತರ: ‘ಬೇಜಾರೇನಿಲ್ಲಪ್ಪ. ಮೊದಲು ಪ್ರಶ್ನೆ ನನ್ನ ಹತ್ತಿರ ಬರುತ್ತಿತ್ತು. ಈಗ ನಾನೇ ಅಲ್ಲಿಗೆ ಹೋಗಿ ಯಾರು ಏನು ಕೇಳಿದ್ದಾರೆ ಅಂತ ನೋಡಬೇಕು. ಮರೆತುಹೋಗುತ್ತದೆ.’

ಡಿಸ್ಕೋರ್ಸ್‌ನಲ್ಲಿ ಮೇಲಿಂಗ್ ಲಿಸ್ಟ್ ಮೋಡ್ ಅನ್ನುವ ಸೆಟ್ಟಿಂಗ್ ಇದೆ. ಹಾಕಿಕೊಂಡವರಿಗೆ ಪ್ರತಿ ಪೋಸ್ಟ್ ಮೇಲ್ ಆಗಿ ಬರುತ್ತದೆ. ಮೇಲ್‌ಗೆ ರಿಪ್ಲೈ ಮಾಡಿದರೆ ಅದು ಫೋರಂನಲ್ಲಿ ಉತ್ತರವಾಗಿ ಕೂರುತ್ತದೆ. ಒಂದೊಂದು ವಿಭಾಗಕ್ಕೆ ಒಂದೊಂದು ಮೇಲ್ ವಿಳಾಸ ಕೊಟ್ಟರೆ ಹೊಸ ಪ್ರಶ್ನೆಯನ್ನೂ ಮೇಲ್‌ನಿಂದಲೇ ಶುರುಮಾಡಬಹುದು. ಇದೆಲ್ಲ ನಡೆಯಬೇಕಾದರೆ ಒಳಗೆ ಬರುವ ಮೇಲನ್ನು ಫೋರಂ ಓದುವ ಹಾಗೆ ಅಡ್ಮಿನ್ ಮೊದಲು ಹೊಂದಿಸಬೇಕು. ನಾನು ಅದನ್ನು ‘ಆಮೇಲೆ ನೋಡೋಣ’ ಅಂತ ಬಿಟ್ಟಿದ್ದೆ. ಆ ವಾರ ಕೂತು ಮಾಡಿದೆ, ಹಳೆಯ ಐದಾರು ಜನಕ್ಕೂ ಹೇಗೆ ಹಾಕಿಕೊಳ್ಳುವುದು ಅಂತ ಬರೆದೆ. ನಾಲ್ಕನೇ ದಿನ ಬೆಳಿಗ್ಗೆ ಒಂದು ಪ್ರಶ್ನೆಯ ಕೆಳಗೆ ಕಂಡೆ: ‘ಎಷ್ಟು ಡಿಪಿಐಗೆ ಸ್ಕ್ಯಾನ್ ಮಾಡಿದ್ದೀರಿ?’

ಅದಕ್ಕೇ ನಿಮ್ಮ ಗೆಳೆಯರಿಬ್ಬರಿಗೂ ಕೇಳಬೇಕಾದ ಪ್ರಶ್ನೆ ಬೇರೆ ಅನ್ನುತ್ತೇನೆ. ನಿಮ್ಮ 400 ಜನರಲ್ಲಿ ಬೇರೆಯವರಿಗೆ ಉತ್ತರ ಕೊಡಬಲ್ಲ ಐದು ಜನ ಯಾರು? ಅವರ ದಿನ ಎಲ್ಲಿ ಶುರುವಾಗುತ್ತದೆ? ಮೇಲ್‌ನಲ್ಲಾದರೆ ಉತ್ತರ ಅಲ್ಲಿಂದಲೇ ಹೋಗುವ ಹಾಗಿರಬೇಕು. ಕೇಳುವವರಿಗೆ ಬೇಕಾದ್ದು ಹುಡುಕಿದರೆ ಸಿಗುವುದು, ತಪ್ಪಿದರೆ ತಿದ್ದಲು ಆಗುವುದು. ಅದು ಫೋರಂ.

ಪ್ಯಾಚ್ (ಕೋಡ್‌ಗೆ ಮಾಡುವ ತಿದ್ದುಪಡಿ) ಕಳಿಸುವ, ಕೋಡ್ ಸಾಲುಸಾಲಾಗಿ ಚರ್ಚಿಸುವ ಡೆವಲಪರ್ ಗುಂಪಾದರೆ ಲೆಕ್ಕ ಬೇರೆ. ಲಿನಕ್ಸ್ ಕರ್ನಲ್, ಗಿಟ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಂಥ ದೊಡ್ಡ ಸಾಫ್ಟ್‌ವೇರ್‌ಗಳ ಕೆಲಸ ಇವತ್ತಿಗೂ ಮೇಲ್‌ನಲ್ಲೇ ನಡೆಯುತ್ತದೆ, ಅವರಿಗೆ ಅದೇ ಸರಿ. ಪೈಥಾನ್ ಭಾಷೆಯ ಡೆವಲಪರ್‌ಗಳು ಮಾತ್ರ 2022ರಲ್ಲಿ ತಮ್ಮ ಹಳೆಯ ಲಿಸ್ಟ್ ಬಿಟ್ಟು ಡಿಸ್ಕೋರ್ಸ್‌ಗೆ ಬಂದರು. ನಿಮ್ಮದು ಬಳಕೆದಾರರ ಗುಂಪು, ಆ ಜಗಳ ನಿಮಗೆ ಬೇಡ.

ಟೆಲಿಗ್ರಾಂ, ಡಿಸ್ಕಾರ್ಡ್ ಗುಂಪು ಸಾಕಲ್ಲ ಅಂತ ಯಾರಾದರೂ ಅನ್ನಬಹುದು. ಹರಟೆಗೆ ಚೆನ್ನ. ಆದರೆ ಅಲ್ಲಿ ಬರೆದ ಉತ್ತರ ಗೂಗಲ್‌ನಲ್ಲಿ ಹುಡುಕುವವರ ಕೈಗೆ ಸಿಗುವುದಿಲ್ಲ. ಅದೇ ಪ್ರಶ್ನೆ ಮುಂದಿನ ವಾರ ಮತ್ತೆ ಬರುತ್ತದೆ.

ಯಾವುದನ್ನೇ ಮಾಡಿ, ಹಳೆಯ ಉತ್ತರಗಳು ನಿಮ್ಮ ಕೈಯಲ್ಲಿರಲಿ. ಮೇಲಿಂಗ್ ಲಿಸ್ಟ್‌ಗಳಿಗೆ ಜಾಗ ಕೊಡುತ್ತಿದ್ದ ಯಾಹೂ ಗ್ರೂಪ್ಸ್ 2019ರ ಅಕ್ಟೋಬರ್‌ನಲ್ಲಿ ಘೋಷಣೆ ಮಾಡಿ, ಡಿಸೆಂಬರ್‌ನಲ್ಲಿ ಜನ ವರ್ಷಗಟ್ಟಲೆ ಹಾಕಿದ್ದನ್ನು ಅಳಿಸಲು ಶುರುಮಾಡಿತು. ಸಾವಿರಾರು ಲಿಸ್ಟ್‌ಗಳ ಆರ್ಕೈವ್ ಇಟ್ಟುಕೊಂಡಿದ್ದ ಜಿಮೇನ್‌ನ ವೆಬ್ ಪುಟಗಳು 2016ರಲ್ಲಿ ನಿಂತಾಗ, ಎಷ್ಟೋ ಕಡೆ ಜನ ಕೊಟ್ಟಿದ್ದ ಲಿಂಕ್‌ಗಳು ಒಟ್ಟಿಗೇ ಸತ್ತವು. ಆದ್ದರಿಂದ ಸ್ವಂತ ಡೊಮೇನ್ ಇರಲಿ, ಬ್ಯಾಕಪ್ ನಿಮ್ಮ ಡಿಸ್ಕ್‌ಗೂ ಬರಲಿ, ಆ ಬ್ಯಾಕಪ್ ವಾಪಸ್ ತೆರೆಯುತ್ತದೆಯೇ ಅಂತ ಒಮ್ಮೆಯಾದರೂ ನೋಡಿ. ನಾವು ಲಿಸ್ಟ್‌ನ ಹಳೆಯ ಮೇಲ್‌ಗಳನ್ನು ಎಂಬಾಕ್ಸ್ ಫೈಲ್ (ಮೇಲ್‌ಗಳನ್ನೆಲ್ಲ ಒಂದೇ ಫೈಲ್‌ನಲ್ಲಿ ಇಡುವ ರೂಪ) ಆಗಿ ತೆಗೆದು ಫೋರಂ ಒಳಗೆ ತಂದೆವು. ಹಳೆಯ ಆರ್ಕೈವ್ ಪುಟಗಳನ್ನೂ ಅದೇ ವಿಳಾಸದಲ್ಲಿ ಹಾಗೇ ಬಿಟ್ಟೆವು. ಬರೀ ಎಚ್‌ಟಿಎಂಎಲ್ ಪುಟಗಳು, ಖರ್ಚೇ ಇಲ್ಲ.

ಫೋರಂಗೂ ದುಡಿಮೆ ಇದೆ. ಡಿಸ್ಕೋರ್ಸ್‌ಗೆ ಕನಿಷ್ಠ 1 ಜಿಬಿ ರ‍್ಯಾಮ್ ಬೇಕು, 2 ಇದ್ದರೆ ನೆಮ್ಮದಿ. ಅಪ್‌ಡೇಟ್ ತಪ್ಪಿಸಬಾರದು. ಸ್ಪ್ಯಾಮ್ ಬರುತ್ತದೆ, ಆದರೆ ಹೊಸ ಖಾತೆಗೆ ಎಷ್ಟು ಲಿಂಕ್ ಹಾಕಬಹುದು ಅನ್ನುವುದಕ್ಕೆ ಮೊದಲೇ ಮಿತಿ ಇರುವುದರಿಂದ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತದೆ. ಇಷ್ಟಕ್ಕೂ ಸಮಯವಿಲ್ಲ ಅಂದರೆ ಕೋಡ್ ಇಡುವ ಗಿಟ್‌ಹಬ್ ಸೈಟಿನಲ್ಲೇ ಇರುವ ಚರ್ಚೆಯ ಜಾಗ, ಗಿಟ್‌ಹಬ್ ಡಿಸ್ಕಷನ್ಸ್ ಸಾಕು. ಆದರೆ ಕೇಳಲು ಗಿಟ್‌ಹಬ್ ಖಾತೆ ಬೇಕು. ಪ್ರೋಗ್ರಾಮರ್ ಅಲ್ಲದವರು ಅಲ್ಲೇ ಹಿಂದೆ ಸರಿಯುತ್ತಾರೆ.

ಮೊದಲ ದಿನವೇ ಹದಿನೈದು ವಿಭಾಗ ಮಾಡಬೇಡಿ. ನಾನು ಮಾಡಿದ್ದೆ. ಹನ್ನೆರಡು ಖಾಲಿ ಕೋಣೆ, ಬಂದವರಿಗೆ ಮನೆಯಲ್ಲಿ ಯಾರೂ ಇಲ್ಲ ಅನ್ನಿಸುತ್ತದೆ. ‘ಸಹಾಯ’, ‘ಪ್ರಕಟಣೆ’ ಎರಡು ಸಾಕು. ನಿಮ್ಮ ಮೇಲ್‌ನಲ್ಲಿ ಪದೇಪದೇ ಬಂದ ಹತ್ತು ಪ್ರಶ್ನೆ ತೆಗೆದು, ಕೇಳಿದವರ ಹೆಸರು ಬಿಟ್ಟು, ಉತ್ತರದ ಸಮೇತ ನೀವೇ ಹಾಕಿ.

ಇನ್ನು ಕಷ್ಟದ ಭಾಗ. ಫೋರಂ ಮಾಡಿದ ಮೇಲೂ ಜನ ನಿಮಗೆ ನೇರವಾಗಿ ಮೇಲ್ ಮಾಡುತ್ತಾರೆ. ಅಲ್ಲೇ ಉತ್ತರ ಕೊಟ್ಟುಬಿಟ್ಟರೆ ಫೋರಂಗೆ ಯಾರೂ ಬರುವುದಿಲ್ಲ. ನಾನು ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ: ‘ನಿಮ್ಮ ಪ್ರಶ್ನೆ ಚೆನ್ನಾಗಿದೆ, ಇನ್ನೂ ಕೆಲವರಿಗೆ ಬೇಕಾಗುತ್ತದೆ. ಇದನ್ನೇ ಈ ವಿಳಾಸಕ್ಕೆ ಕಳಿಸಿ, ಇವತ್ತೇ ಉತ್ತರಿಸುತ್ತೇನೆ.’ ಕೊಟ್ಟಿರುವುದು ‘ಸಹಾಯ’ ವಿಭಾಗದ ಮೇಲ್ ವಿಳಾಸ. ಅವರಿಗೆ ಅದು ಇನ್ನೊಂದು ಮೇಲ್ ಅಷ್ಟೇ, ಫೋರಂ ಅಂತಲೂ ಅನ್ನಿಸುವುದಿಲ್ಲ. ಆದರೆ ಇವತ್ತೇ ಅಂದಮೇಲೆ ಇವತ್ತೇ ಉತ್ತರಿಸಬೇಕು, ಕನಿಷ್ಠ ಮೊದಲ ಎರಡು ತಿಂಗಳು.