ಬೀಗ ಬಿದ್ದ ಖಾತೆ, ಲ್ಯಾಬ್ ಬಿಟ್ಟ ಹುಡುಗಿ

ವಿದ್ಯಾರ್ಥಿನಿ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವಳು. ಪದವಿಯವರೆಗೂ ಕನ್ನಡ ಮಾಧ್ಯಮ, ಈಗ ಕಲಬುರಗಿಯಲ್ಲಿ ಸ್ನಾತಕೋತ್ತರ ಮೊದಲ ಸೆಮಿಸ್ಟರ್, ವಾಸ ಹಾಸ್ಟೆಲ್. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ತರಗತಿಗೆ ತಪ್ಪದೆ ಬರುವ ಹುಡುಗಿಗೆ ಕಂಪ್ಯೂಟರ್ ಲ್ಯಾಬ್ ಇರುವ ದಿನ ಮಾತ್ರ ಬೆಳಿಗ್ಗೆಯಿಂದಲೇ ಹೊಟ್ಟೆನೋವು. ಅದನ್ನು ಗಮನಿಸಿದ ವಾರ್ಡನ್ ಆಪ್ತಸಲಹೆಗೆ ಕಳಿಸಿದರು. ಬರುವ ಹೊತ್ತಿಗೆ ಆಕೆ ಟಿ.ಸಿ. ತಗೊಂಡು ಊರಿಗೆ ಹೋಗುವ ಮಾತಾಡುತ್ತಿದ್ದಳು.

“ನನಗ ಕಂಪ್ಯೂಟರ್ ಬರಂಗಿಲ್ರಿ ಮೇಡಂ. ನಾ ಏನೋ ಒತ್ತಿದೆ, ಅದು ಬಂದ್ ಆಯ್ತು. ಮತ್ತ ಹ್ವಾದ್ರೆ ಎಲ್ಲಾರ ಮುಂದ ಸರ್ ಏನರ ಅಂದ್ರ ಹ್ಯಾಂಗ ಅಂತ ಅಂಜಿಕಿ ಬರ್ತದ್ರಿ.”

ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣಕ್ಕೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಹಳ್ಳಿಗಳಿಂದ ಓದಲು ಬರುವ ಮಕ್ಕಳಲ್ಲಿ ಇಂಥ ಅಂಜಿಕೆ ಅಪರೂಪವಲ್ಲ. ಮೊಬೈಲಿನಲ್ಲಿ ಫೋನ್‌ಪೇ, ಯೂಟ್ಯೂಬ್ ಎಲ್ಲ ಸಲೀಸಾಗಿ ಬಳಸುವವರೇ ಲ್ಯಾಬಿನ ಲಾಗಿನ್ ಪರದೆಯ ಮುಂದೆ ಕೈ ಕಟ್ಟಿ ಕೂರುತ್ತಾರೆ. ಇವರಿಗೆ ಬರೀ ಧೈರ್ಯ ಹೇಳಿ ಕಳಿಸುವುದು ಅನ್ಯಾಯ. ಪರದೆಯ ಮೇಲೆ ಏನಾಯಿತು ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ಹಾಗಾಗಿ ಮನಸ್ಸಿನ ಮಾತು ಆಮೇಲೆ ಆಡೋಣವೆಂದು, ಆವತ್ತು ಏನೇನು ಟೈಪ್ ಮಾಡಿದೆ, ಒಂದೊಂದಾಗಿ ಹೇಳವ್ವಾ ಎಂದು ಕೇಳಲಾಯಿತು.

ಪ್ರವೇಶದ ವೇಳೆ ಕೊಟ್ಟ ಚೀಟಿ ಆಕೆಯ ಮೊಬೈಲ್ ಕವರಿನೊಳಗೆ ಮಡಚಿ ಇತ್ತು. ಒಂದು ಸಾಲಿನಲ್ಲಿ ನೋಂದಣಿ ಸಂಖ್ಯೆ, ಅದೇ ಬಳಕೆದಾರ ಹೆಸರು. ಕೆಳಗೆ ತಾತ್ಕಾಲಿಕ ಪಾಸ್‌ವರ್ಡ್. ಜೆರಾಕ್ಸ್ ಮಸುಕಾಗಿ, ನಡುವಿನ ಒಂದು ಗುರುತು ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ತಿಳಿಯುವಂತಿರಲಿಲ್ಲ. ಯಾರೋ ಅದರ ಮೇಲೆ ಪೆನ್ನಿನಿಂದ ತಿದ್ದಿ ಇನ್ನಷ್ಟು ಕೆಡಿಸಿದ್ದರು. ಆದರೂ ಆಕೆ ಸರಿಯಾಗಿಯೇ ಹೊಡೆದಿದ್ದಳು, ಒಳಗೂ ಹೋಗಿದ್ದಳು. ತೊಡಕು ಶುರುವಾದದ್ದು ಅದರ ಮುಂದಿನ ಪರದೆಯಲ್ಲಿ.

ಮೊದಲ ಸಲ ಲಾಗಿನ್ ಆದಾಗ ವಿಂಡೋಸ್ ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ಆಕೆ ತನ್ನ ಹೆಸರು ಬರೆದು ಮುಂದೆ ‘@123’ ಸೇರಿಸಿದಳು. ಅದು ತಿರಸ್ಕೃತವಾಯಿತು. ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಬಿಗಿಯಾಗಿರಬೇಕೆಂಬ ನಿಯಮ ಹಾಕಿದ್ದರೆ, ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಈ ನಾಲ್ಕರಲ್ಲಿ ಮೂರಾದರೂ ಇರಬೇಕು. ಅಷ್ಟೇ ಅಲ್ಲ, ಖಾತೆಯ ಹೆಸರಾಗಲಿ ವಿದ್ಯಾರ್ಥಿಯ ಪೂರ್ಣ ಹೆಸರಿನ ಭಾಗವಾಗಲಿ ಅದರೊಳಗೆ ಬರುವಂತಿಲ್ಲ. ಈ ಎರಡನೆಯ ಷರತ್ತನ್ನು ಯಾರೂ ಹೇಳಿರುವುದಿಲ್ಲ, ಪರದೆಯೂ ಬಿಡಿಸಿ ಹೇಳುವುದಿಲ್ಲ. ಉದ್ದ, ಸಂಕೀರ್ಣತೆ, ಹಿಂದಿನ ಬಳಕೆ ಇವುಗಳ ನಿಯಮಕ್ಕೆ ಹೊಂದುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ತೋರಿಸಿ ಸುಮ್ಮನಾಗುತ್ತದೆ. ಆಕೆ ಆ ವಾಕ್ಯವನ್ನು ‘ಬದಲಾಯಿತು’ ಎಂದು ತಿಳಿದಳು. ಹೊಸದು ಆಗಿದೆ ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಹೊಡೆದಳು. ಖಾತೆಯಲ್ಲಿ ಇನ್ನೂ ಹಳೆಯದೇ ಇದ್ದುದರಿಂದ ಪ್ರತಿಯೊಂದೂ ತಪ್ಪು ಪ್ರಯತ್ನವೆಂದು ಲೆಕ್ಕವಾಗಿ ಕೊನೆಗೆ ಖಾತೆಗೆ ಬೀಗ ಬಿತ್ತು. ಎಷ್ಟು ತಪ್ಪಿಗೆ ಬೀಗ, ಎಷ್ಟು ನಿಮಿಷಕ್ಕೆ ತಾನಾಗಿ ತೆರೆಯುತ್ತದೆ ಎಂಬುದು ಆಯಾ ಕ್ಯಾಂಪಸ್ಸಿನ ನಿರ್ವಾಹಕರು ಇಟ್ಟಂತೆ ಇರುತ್ತದೆ. ಯಂತ್ರ ಕೆಟ್ಟಿರಲಿಲ್ಲ, ಆಕೆ ಏನನ್ನೂ ಕೆಡಿಸಿರಲಿಲ್ಲ. ಇದನ್ನು ಕಾಗದದ ಮೇಲೆ ಬಾಣ ಹಾಕಿ ತೋರಿಸಿದಾಗ, “ಹಂಗಾದ್ರ ನಾ ಒತ್ತಿದ್ದು ತಪ್ಪಲ್ಲೇನ್ರಿ?” ಎಂದು ಎರಡು ಸಲ ಕೇಳಿದಳು.

ಇಲ್ಲಿಗೇ ಮುಗಿದಿದ್ದರೆ ಲ್ಯಾಬಿನವರೇ ಬೀಗ ತೆರೆದು ಮುಗಿಸುತ್ತಿದ್ದರು. ಅವರು ತೆರೆದಿದ್ದರು ಕೂಡ. ತಾತ್ಕಾಲಿಕ ಪಾಸ್‌ವರ್ಡ್ ಹೊಸದಾಗಿ ಕೊಟ್ಟು, ಎದುರಿಗೇ ಕೂರಿಸಿ ಬದಲಿಸಿಕೊಟ್ಟಿದ್ದರು. ಮರುದಿನ ಮತ್ತೆ ಬೀಗ. ಅವತ್ತಿನಿಂದ ‘ನನ್ನ ಹಣೆಬರಹವೇ ಇಷ್ಟು’ ಎಂಬ ಮಾತು ಶುರುವಾಗಿತ್ತು.

ಕ್ಯಾಂಪಸ್ ವೈಫೈಗೂ ಲ್ಯಾಬಿಗೂ ಒಂದೇ ಖಾತೆ ಇರುವ ಕಡೆ ಇದು ಪದೇ ಪದೇ ಆಗುವ ತೊಂದರೆ. ಮೊಬೈಲು ವೈಫೈಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿರುತ್ತದೆ. ಲ್ಯಾಬಿನಲ್ಲಿ ಪಾಸ್‌ವರ್ಡ್ ಬದಲಿಸಿದರೂ ಮೊಬೈಲಿಗೆ ಅದು ಗೊತ್ತಿಲ್ಲ. ವೈಫೈ ಸಿಕ್ಕಾಗಲೆಲ್ಲ ಹಳೆಯದನ್ನೇ ಕಳಿಸುತ್ತದೆ, ಜೇಬಿನಲ್ಲಿದ್ದರೂ ಕಳಿಸುತ್ತದೆ. ಯಾರೂ ಏನೂ ಒತ್ತದೆಯೇ ಖಾತೆಗೆ ಬೀಗ ಬೀಳುವುದು ಹೀಗೆ. ಆಕೆ ತನ್ನ ಮೊಬೈಲಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿಕೊಂಡಿದ್ದಳು. ಹಾಗಾದರೆ ಇನ್ನೆಲ್ಲಿಂದ? ಬೇರೆ ಯಾರಿಗಾದರೂ ಕೊಟ್ಟಿದ್ದೆಯಾ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ರೂಮಿನ ಅಕ್ಕನ ಮೊಬೈಲಿನಲ್ಲಿ ಹಾಕಿಕೊಟ್ಟದ್ದನ್ನು ಹೇಳಿದಳು. ಅಕ್ಕನ ಖಾತೆ ಇನ್ನೂ ಬಂದಿರಲಿಲ್ಲವಂತೆ, ಇಲ್ಲವೆನ್ನಲು ಬಾಯಿ ಬರಲಿಲ್ಲವಂತೆ. ಆ ಮೊಬೈಲು ಹಳೆಯ ಪಾಸ್‌ವರ್ಡನ್ನು ದಿನವೂ ಕಳಿಸುತ್ತಲೇ ಇತ್ತು.

ಕೊಟ್ಟ ಸಲಹೆಯಲ್ಲಿ ಕ್ರಮ ಮುಖ್ಯ. ಮೊದಲು ಎರಡೂ ಮೊಬೈಲುಗಳಲ್ಲಿ ವೈಫೈ ಸೆಟ್ಟಿಂಗ್ಸಿಗೆ ಹೋಗಿ ಕ್ಯಾಂಪಸ್ ನೆಟ್‌ವರ್ಕಿನ ಹೆಸರು ಒತ್ತಿ ‘ಫರ್ಗೆಟ್’ ಮಾಡಬೇಕು. ಬರೀ ವೈಫೈ ಆಫ್ ಮಾಡಿದರೆ ಸಾಲದು, ಮತ್ತೆ ಆನ್ ಮಾಡಿದಾಗ ಅದೇ ಕಥೆ. ಆಮೇಲೆ ಲ್ಯಾಬಿನವರಿಂದ ಬೀಗ ತೆಗೆಸಬೇಕು, ಆಮೇಲೆ ಹೊಸ ಪಾಸ್‌ವರ್ಡ್, ಕೊನೆಗೆ ತನ್ನ ಮೊಬೈಲಿನಲ್ಲಿ ಮಾತ್ರ ವೈಫೈ. ಈ ಕ್ರಮ ತಪ್ಪಿದರೆ ಬೀಗ ಮತ್ತೆ ಬೀಳುತ್ತದೆ.

ರೂಮಿನ ಅಕ್ಕನಿಗೆ ಇಲ್ಲವೆನ್ನುವುದು ಆಕೆಗೆ ನಿಜವಾಗಿಯೂ ಕಷ್ಟದ ಭಾಗವಾಗಿತ್ತು. ಒಂದೇ ಕೋಣೆಯಲ್ಲಿ ರೊಟ್ಟಿ ಹಂಚಿಕೊಂಡು ತಿನ್ನುವವರ ನಡುವೆ ಪಾಸ್‌ವರ್ಡ್ ಕೊಡೆನೆಂದರೆ ಸೊಕ್ಕು ಅನಿಸುತ್ತದೆ. ಅದಕ್ಕೆ ಹೇಳಬೇಕಾದ ಮಾತನ್ನೇ ಕೂಡಿ ಅಭ್ಯಾಸ ಮಾಡಲಾಯಿತು: “ಅಕ್ಕಾ, ಎರಡು ಮೊಬೈಲಿನಾಗ ಹಾಕಿದ್ರ ಬೀಗ ಬೀಳ್ತದ, ನಿನ್ನ ಖಾತೆ ಮಾಡಿಸ್ಕೊಳ್ಳಾಕ ನಾನೂ ನಿನ್ನ ಸಂಗಟ ಬರ್ತೀನಿ.” ಯಾರು ಬಳಸಿದರೂ ದಾಖಲೆಯಲ್ಲಿ ಬೀಳುವುದು ಖಾತೆದಾರಳ ಹೆಸರೇ ಎಂಬುದನ್ನೂ ತಿಳಿಸಲಾಯಿತು. ಹೆದರಿಸುವುದಕ್ಕಲ್ಲ, ಅದು ಇರುವ ಸಂಗತಿ.

ಪಾಸ್‌ವರ್ಡ್ ಹೇಗಿರಬೇಕು? ತನಗೆ ಮಾತ್ರ ನೆನಪಾಗುವ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಸೇರಿಸಿದರೆ ಉದ್ದವೂ ಆಗುತ್ತದೆ, ಮರೆಯುವುದೂ ಇಲ್ಲ. ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಬೇಡ. ಹೊಡೆಯುವ ಮುನ್ನ ಕೀಬೋರ್ಡ್ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದ್ದರೆ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾಗುತ್ತವೆ. ನಮ್ ಲಾಕ್ ಆಫ್ ಇದ್ದರೆ ಬಲಬದಿಯ ಅಂಕಿಗಳು ಬೀಳುವುದೇ ಇಲ್ಲ. ಹಿಂದೆ ಕೂತವರು ಕನ್ನಡ ಕೀಲಿಮಣೆ ಬಿಟ್ಟುಹೋಗಿದ್ದರೆ ಪರದೆಯ ಕೆಳಗೆ ಬಲಕ್ಕೆ ಭಾಷೆಯ ಗುರುತು ಬದಲಾಗಿರುತ್ತದೆ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ತಂದುಕೊಳ್ಳಬೇಕು. ಪಾಸ್‌ವರ್ಡ್ ಚೌಕದ ತುದಿಯಲ್ಲಿ ಕಣ್ಣಿನ ಚಿತ್ರವಿದ್ದರೆ ಪಕ್ಕದಲ್ಲಿ ಯಾರೂ ಇಲ್ಲದಾಗ ಅದನ್ನು ಒತ್ತಿ ಹಿಡಿದು ಓದಿ ನೋಡಬಹುದು. ಎರಡು ಸಲ ತಪ್ಪಾದರೆ ಮೂರನೆಯದಕ್ಕೆ ಹೋಗದೆ ನಿಲ್ಲಿಸಿ, ಪರದೆಯಲ್ಲಿ ಬಂದ ವಾಕ್ಯವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಲ್ಯಾಬಿನವರಿಗೆ ತೋರಿಸಬೇಕು. ‘ಬಂದ್ ಆಯ್ತು’ ಎಂದರೆ ಅವರಿಗೂ ಏನೂ ತಿಳಿಯದು, ಫೋಟೊ ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ.

ಮೊದಲ ಅಭ್ಯಾಸ ಲ್ಯಾಬ್ ಖಾಲಿ ಇರುವ ಹೊತ್ತಿನಲ್ಲಿ, ಒಬ್ಬ ಸಹಾಯಕರ ಎದುರು ಮಾತ್ರ ನಡೆಯಲೆಂದು ವಿಭಾಗಕ್ಕೆ ಕೇಳಿಕೊಳ್ಳಲಾಯಿತು. ಮೌಸ್ ಆಕೆಯ ಕೈಯಲ್ಲೇ ಇರಬೇಕು, ಸಹಾಯಕರು ಬಾಯಲ್ಲಿ ಹೇಳಬೇಕೇ ಹೊರತು ಕೈ ಹಾಕಬಾರದು ಎಂಬುದು ನಮ್ಮ ಗಟ್ಟಿ ಷರತ್ತು. ಇನ್ನೊಬ್ಬರು ಚಕಚಕನೆ ಮಾಡಿಕೊಟ್ಟರೆ ಕೂತವರಿಗೆ ತಮ್ಮ ಕೈಲಾಗದು ಎಂಬುದೇ ಇನ್ನಷ್ಟು ಗಟ್ಟಿಯಾಗುತ್ತದೆ.

ಅಲ್ಲಿ ಕಲಿಸಿದ್ದರಲ್ಲಿ ಫೈಲ್ ಉಳಿಸುವುದು ದೊಡ್ಡದು. ಅನೇಕ ಲ್ಯಾಬುಗಳಲ್ಲಿ ಯಂತ್ರ ಮರುಚಾಲನೆಯಾದೊಡನೆ ಮೊದಲಿನ ಸ್ಥಿತಿಗೆ ಮರಳುವ ವ್ಯವಸ್ಥೆ ಇರುತ್ತದೆ, ಡೆಸ್ಕ್‌ಟಾಪಿನಲ್ಲಿಟ್ಟದ್ದೆಲ್ಲ ಹೋಗುತ್ತದೆ. ನೆಟ್‌ವರ್ಕ್ ಡ್ರೈವ್ (ಸರ್ವರಿನಲ್ಲಿ ಫೈಲ್ ಇಡುವ ಜಾಗ) ಕೊಟ್ಟಿದ್ದರೆ ಅದರಲ್ಲಿ, ಇಲ್ಲವಾದರೆ ಪೆನ್‌ಡ್ರೈವಿನಲ್ಲಿ ಇಡಬೇಕು. ಜೊತೆಗೆ ಒಂದು ಪ್ರತಿ ತನ್ನ ಇಮೇಲಿಗೆ ಕಳಿಸಿಕೊಳ್ಳಬೇಕು, ಏಕೆಂದರೆ ಒಂದು ಯಂತ್ರದ ವೈರಸ್ ಪೆನ್‌ಡ್ರೈವ್ ಹತ್ತಿ ಫೈಲುಗಳನ್ನು ಮರೆಮಾಡಿ ಬರೀ ಶಾರ್ಟ್‌ಕಟ್ ತೋರಿಸುವುದುಂಟು. ಕರೆಂಟು ಹೋಗುವ ಊರಿನಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತುವುದು ಕೈಗೆ ರೂಢಿಯಾಗಬೇಕು. ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಯುನಿಕೋಡ್ ಆಯ್ಕೆ ಇದೆಯೇ ನೋಡಿಕೊಳ್ಳಬೇಕು, ಹಳೆಯ ಫಾಂಟಿನಲ್ಲಿ ಹೊಡೆದದ್ದು ಆ ಫಾಂಟಿಲ್ಲದ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಏಳುವಾಗ ಮಾನಿಟರ್ ಆರಿಸಿದರೆ ಹೊರಬಂದಂತಲ್ಲ, ಸ್ಟಾರ್ಟ್ ಒತ್ತಿ ‘ಸೈನ್ ಔಟ್’ ಆಗಬೇಕು.

ಇನ್ನೊಂದು ಗೊಂದಲವೂ ಬಯಲಾಯಿತು. ಲ್ಯಾಬಿನ ಖಾತೆ, ಪರೀಕ್ಷಾ ಅರ್ಜಿಯ ಯುಯುಸಿಎಂಎಸ್ ಜಾಲತಾಣ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಎಂದು ಆಕೆ ತಿಳಿದಿದ್ದಳು. ಮೂರೂ ಬೇರೆ ಬೇರೆ. ಲ್ಯಾಬಿನವರು ತೆರೆದುಕೊಡಬಲ್ಲದ್ದು ಮೊದಲನೆಯದನ್ನು ಮಾತ್ರ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಆಧಾರ್ ಓಟಿಪಿ ಹೋಗುತ್ತಿದ್ದದ್ದು ದುಡಿಯಲು ಬೆಂಗಳೂರಿಗೆ ಹೋಗಿರುವ ಅಪ್ಪನ ಮೊಬೈಲಿಗೆ. ಅವರು ಕೆಲಸದಲ್ಲಿರುವಾಗ ಕರೆ ಎತ್ತುತ್ತಿರಲಿಲ್ಲ, ಎತ್ತುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತಿತ್ತು. ಆಧಾರ್ ಸೇವಾ ಕೇಂದ್ರದಲ್ಲಿ ತನ್ನ ನಂಬರನ್ನೇ ಜೋಡಿಸಿಕೊಳ್ಳಲು, ಅಲ್ಲಿಯವರೆಗೆ ಅಪ್ಪನಿಗೆ ಮೊದಲೇ ಫೋನ್ ಮಾಡಿ ಬಿಡುವಿನ ಹೊತ್ತು ಗೊತ್ತುಮಾಡಿಕೊಂಡು ಅರ್ಜಿಗೆ ಕೂರಲು ಹೇಳಲಾಯಿತು.

ಆಕೆ ಈಗ ಲ್ಯಾಬಿಗೆ ಹೋಗುತ್ತಿದ್ದಾಳೆ. ಟಿ.ಸಿ. ಮಾತು ನಿಂತಿದೆ. ಉಳಿದಿದ್ದದ್ದು ತಪ್ಪಿದ ಪ್ರಾಯೋಗಿಕ ತರಗತಿಗಳ ಹಾಜರಿ. ಖಾತೆಗೆ ಬೀಗ ಬಿದ್ದ ದಿನ, ಹೊತ್ತು, ಅದು ಯಾವ ಕಡೆಯಿಂದ ಬಿತ್ತು ಎಂಬುದು ಸರ್ವರ್ ದಾಖಲೆಯಲ್ಲಿ ಇರುತ್ತದೆ. ವಿಂಡೋಸ್ ಸರ್ವರಿನಲ್ಲಿ ಖಾತೆಗೆ ಬೀಗ ಬಿದ್ದ ದಾಖಲೆಯ ಗುರುತಿನ ಸಂಖ್ಯೆ (ಈವೆಂಟ್ ಐಡಿ) 4740. ಲ್ಯಾಬ್ ನಿರ್ವಾಹಕರಿಂದ ಅದರ ಪ್ರತಿ ಪಡೆದು, ತಪ್ಪಿದ ಪ್ರಯೋಗಗಳನ್ನು ಮಾಡಿಕೊಡಲು ಒಪ್ಪಿ, ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆಯಲು ಸೂಚಿಸಲಾಯಿತು. ಅರ್ಜಿಯನ್ನು ಆಕೆಯೇ ಲ್ಯಾಬಿನಲ್ಲಿ ಯುನಿಕೋಡಿನಲ್ಲಿ ಟೈಪ್ ಮಾಡಿ ಸಲ್ಲಿಸಿದ್ದಾಳೆ.