ಪುಣೆಯಲ್ಲಿ ಕೋವಿ ರಿಪೇರಿ ಅಂಗಡಿ ಹಾಕಬೇಕು ಅಂದ ತಮ್ಮನಿಗೆ

ತಮ್ಮಾ, ಮಡಿಕೇರಿಯಿಂದ ಬಂದು ಎರಡೇ ತಿಂಗಳಾಯ್ತು, ಪುಣೆಯಲ್ಲಿ ಕೋವಿ ರಿಪೇರಿಯ ಸಣ್ಣ ಅಂಗಡಿ ಹಾಕಬಹುದಾ ಅಂತ ಕೇಳಿದ್ದೀಯ. ಅಜ್ಜನ ಕಾಲದಿಂದ ಮನೆಯಲ್ಲಿ ಕೋವಿ ಇದೆ, ಲೈಸೆನ್ಸ್ ಯಾರೂ ಕೇಳಿಲ್ಲ ಅಂತಲೂ ಬರೆದಿದ್ದೀಯ. ಮೊದಲು ಆ ಮಾತು ಮುಗಿಸೋಣ.

ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಇರುವವರಿಗೆ) ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿಗೆ ಅಲ್ಲ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸಲು, ಮಾರಲು, ರಿಪೇರಿ ಮಾಡಲು, ಟೆಸ್ಟ್ ಮಾಡಲು ಎಲ್ಲದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಹಾಗಾಗಿ ನಮ್ಮ ಊರಿನವರೇ ಬಂದು "ಕೋವಿಯ ಕುದುರೆ ಸ್ವಲ್ಪ ಬಿಗಿ ಇದೆ, ನೋಡಿಬಿಡು ಮಾರಾಯ" ಅಂದರೂ ಕೈ ಹಚ್ಚಬೇಡ. ಕಾಸು ತಗೊಳ್ಳದೆ ಸುಮ್ನೆ ಮಾಡಿಕೊಟ್ಟರೂ ಅದು ರಿಪೇರಿಯೇ.

ಪುಣೆ ಪೊಲೀಸ್ ಕಮಿಷನರೇಟ್ ಬೇರೆ, 2018ರಿಂದ ಪಿಂಪ್ರಿ-ಚಿಂಚವಡದ್ದು ಬೇರೆ. ಅಂಗಡಿ ಯಾರ ವ್ಯಾಪ್ತಿಗೆ ಬರುತ್ತೋ ಅಲ್ಲಿನ ಲೈಸೆನ್ಸ್ ಶಾಖೆಗೆ ಹೋಗು. ಅಡ್ವಾನ್ಸ್ ಕೊಡುವ ಮುಂಚೆಯೇ ಹೋಗು. ನಾನು ಮೊದಲು ಜಾಗ ಹಿಡಿದೆ, ಕೆಲಸ ಏನು ಅಂತ ಆಮೇಲೆ ಹೇಳಿದೆ. ಮಾಲೀಕರು ಒಪ್ಪಲಿಲ್ಲ. ಮೂರು ತಿಂಗಳ ಬಾಡಿಗೆ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಲೈಸೆನ್ಸ್ ಸಿಗುವವರೆಗೆ ಏರ್ ರೈಫಲ್ ಕೆಲಸ ಕಲಿ. ಗುಂಡು ಹೊರಡುವ ಶಕ್ತಿ 20 ಜೂಲ್ ಮೀರದ, ನಳಿಗೆಯ ಒಳವ್ಯಾಸ (ಬೋರ್) 0.177 ಇಂಚು ಮೀರದ್ದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಅಂಗಡಿ ಹಾಕಲು ಏನೇನು ಬೇಕು ಅಂತ ಮಾತ್ರ ಶಾಖೆಯಲ್ಲಿ ಲಿಖಿತವಾಗಿ ಕೇಳಿಕೋ. ಬಾಲೇವಾಡಿಯ ಶೂಟಿಂಗ್ ರೇಂಜಿಗೆ 10 ಮೀಟರ್ ಗುರಿ ಅಭ್ಯಾಸಕ್ಕೆ ಬರುವ ಮಕ್ಕಳ ರೈಫಲ್‌ಗಳೇ ನನ್ನ ಅನ್ನ. ಹೆಚ್ಚಿನ ದೂರು ಒಂದೇ: ರಾತ್ರಿ ತುಂಬಿಸಿಟ್ಟ ಗಾಳಿ ಬೆಳಿಗ್ಗೆ ಅರ್ಧ. ಬಿಚ್ಚಿದರೆ ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಕಪ್ಪು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಉಗುರು ತಾಗಿಸಿದರೆ ಮಾತ್ರ ಗೊತ್ತಾಗುತ್ತೆ. ಬಿಚ್ಚುವ ಮುಂಚೆ ಗಾಳಿ ಪೂರ್ತಿ ಖಾಲಿ ಮಾಡು. ಒಳಗೆ 200 ಬಾರ್ ಒತ್ತಡ ಇರುತ್ತೆ, ಆತುರ ಬೇಡ. ಗಾಳಿ ಸಿಲಿಂಡರಿನ ಮೇಲಿನ ತಯಾರಿಕೆ ತಾರೀಖನ್ನೂ ನೋಡು. 10 ವರ್ಷ ದಾಟಿದ್ದರೆ ತುಂಬಿಸಬೇಡ, ಮಗುವಿನ ಅಪ್ಪ ಅಮ್ಮ ಎಷ್ಟೇ ಕೇಳಿಕೊಂಡರೂ.

ಐಟಿಐ ಫಿಟ್ಟರ್ ಅಂದೆ ಅಲ್ವಾ? ಭಾನುವಾರ ಬೆಳಿಗ್ಗೆ ಬಾಣೇರಿಗೆ ಬಾ. ಒಂದು ರೈಫಲ್ ಬಿಚ್ಚಿಟ್ಟಿರುತ್ತೇನೆ, ಜೋಡಿಸಿ ತೋರಿಸು.